ರಸ್ತೆ ನೆಕ್ಕಿದ ಕುರಿಗಳು

ನಾಯಿಗಳಿಗೆ ಬೂಟು ಬಂದವು. ಉಪ್ಪು ಎರಚುವ ಹೆಂಗಸರಿಗೆ ಕೈಗವಸು ಬರಲಿಲ್ಲ.

ಬೂಟುಗಳು ಕೆಂಪು ರಬ್ಬರಿನವು. ಮೊದಲು ತೊಟ್ಟದ್ದು ಮೂಲೆ ಬಂಗಲೆಯ ಬಿಳಿ ನಾಯಿ. ಅದರ ಒಡತಿ ಹಿಮ ನೋಡಲೆಂದು ರಾಜಧಾನಿ ರಬಾತ್‌ನಿಂದ ಬೆಟ್ಟ ಹತ್ತಿ ಬಂದವಳು. ಕಾಲುದಾರಿಗೆ ಹಾಕುವ ಕಲ್ಲುಪ್ಪು ತನ್ನ ನಾಯಿಯ ಪಾದವನ್ನು ಸುಡುತ್ತಿದೆಯೆಂದು ಅವಳು ಬೆಳಿಗ್ಗೆ ದೂರು ಕೊಟ್ಟಳು. ಊಟದ ಹೊತ್ತಿಗೆ ಪರಿಹಾರ ಸಿಕ್ಕಿತು. ಬೂಟಿಗೆ ಒಪ್ಪದ ನಾಯಿಗಳೂ ಬಡಾವಣೆಯಲ್ಲಿದ್ದವು. ಅವುಗಳಿಗಾಗಿ ಬೇರೆ ಏರ್ಪಾಟಾಯಿತು. ಮೇಸ್ತ್ರಿ ಸಿ ತಾಹರ್ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಹೊಸ ನಿಯಮವನ್ನು ತಿಳಿಸಿದ. ನಾಯಿಗಳು ತಿರುಗಾಟಕ್ಕೆ ಹೊರಡುವ ಮುನ್ನ ಉಪ್ಪನ್ನು ಗುಡಿಸಿ ತೆಗೆಯಬೇಕು; ಅವು ಮನೆ ಸೇರಿದ ಮೇಲೆ, ಮನುಷ್ಯರು ಜಾರದಂತೆ, ಅದನ್ನೇ ಮತ್ತೆ ಹಾಕಬೇಕು.

"ನಾಯಿ ಹೇತು ಮುಗಿಸೋವರೆಗೂ ಕಾಯ್ಬೇಕಾ ಸಿ ತಾಹರ್?" ಎಂದು ತೂಡಾ ಕೇಳಿದಳು. "ಇಲ್ಲ ಅದು ಕೂತಾಗ್ಲೇ ಹಾಕ್ಬೋದಾ?"

ಹೆಂಗಸರು ಮುಸುಕಿನೊಳಗೆ ನಕ್ಕರು.

"ಮೊದ್ಲು ನಿನ್ನ ಬಾಯಿಗೆ ಹಾಕ್ಬೇಕು ಉಪ್ಪು."

"ಹಾಕಿ. ಸಾರಿಗಾದ್ರೂ ಆಗುತ್ತೆ."

ತೂಡಾಳ ಬಾಯಿ ಹೀಗಿತ್ತು. ಅವಳ ಕೈಗಳು ಬೇರೆ ರೀತಿಯಲ್ಲಿದ್ದವು. ದೊಡ್ಡ ರಸ್ತೆಗೆ ಉಪ್ಪನ್ನು ಲಾರಿ ಚೆಲ್ಲುತ್ತಿತ್ತು. ಬಂಗಲೆಗಳ ನಡುವಿನ ಕಾಲುದಾರಿಗಳಿಗೆ, ಮೆಟ್ಟಿಲುಗಳಿಗೆ ಹೆಂಗಸರು ಬಕೆಟ್ ಹಿಡಿದು ಕೈಯಿಂದ ಎರಚಬೇಕಿತ್ತು. ಉಪ್ಪು ಮಂಜುಗಡ್ಡೆಯನ್ನು ಬಿಸಿಯಿಂದ ಕರಗಿಸುವುದಿಲ್ಲ. ನೀರು ಹೆಪ್ಪುಗಟ್ಟುವ ಹಂತವನ್ನು ಅದು ಕೆಳಕ್ಕೆ ತಳ್ಳುತ್ತದೆ. ಆದ್ದರಿಂದ ಹಾಗೆ ಕರಗಿದ ನೀರು ಮಂಜುಗಡ್ಡೆಗಿಂತಲೂ ತಣ್ಣಗಿರುತ್ತದೆ, ತಣ್ಣಗಿದ್ದೂ ಹರಿಯುತ್ತದೆ, ಹರಿದು ಬೆರಳಿನ ಬಿರುಕುಗಳಿಗೆ ಇಳಿಯುತ್ತದೆ. ತೂಡಾಳ ಹೆಬ್ಬೆರಳಿನ ಸಂದಿನಲ್ಲಿ ಒಂದು ಬಿರುಕು ಬಾಯಿ ತೆರೆದರೆ ಮತ್ತೆ ಮುಚ್ಚುತ್ತಲೇ ಇರಲಿಲ್ಲ. ಅವಳು ರೊಟ್ಟಿ ಮುರಿಯುವಾಗ ರೊಟ್ಟಿಗೆ ರಕ್ತ ತಾಗುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳುತ್ತಿರಲಿಲ್ಲ; ರೊಟ್ಟಿಯ ಆ ತುಂಡನ್ನು ತಾನೇ ತಿನ್ನುತ್ತಿದ್ದಳು.

ಕೆಲಸ ಮುಗಿದ ಮೇಲೆ ಇನ್ನೊಂದು ಕೆಲಸವಿತ್ತು. ಬಡಾವಣೆಯ ಬಾಗಿಲಲ್ಲಿ ಸಿ ತಾಹರ್ ನಿಲ್ಲುತ್ತಿದ್ದ. ಪ್ರತಿಯೊಬ್ಬ ಹೆಂಗಸೂ ಅವನ ಮುಂದೆ ನಿಂತು ಲಂಗವನ್ನು ಎರಡು ಕೈಯಿಂದ ಹಿಡಿದು ಕೊಡವಬೇಕಿತ್ತು. ಉಪ್ಪು ಕದ್ದು ಮನೆಗೆ ಒಯ್ದಾರು ಎಂಬ ಅನುಮಾನ. ಕಾಳು ಉದುರಿದರೆ ಬೈಗುಳ, ಉದುರದಿದ್ದರೆ ಇನ್ನೊಮ್ಮೆ ಕೊಡವುವ ಅಪ್ಪಣೆ. ರಬ್ಹಾ ಎಂಬ ಹೊಸ ಮದುವೆಯ ಹುಡುಗಿ ಮೊದಲ ದಿನ ಅತ್ತಿದ್ದಳು. ಎರಡನೆಯ ದಿನ ಅವಳೂ ಕೊಡವಿದಳು.

ಅನುಮಾನಕ್ಕೆ ಕಾರಣವಿಲ್ಲದೆ ಇರಲಿಲ್ಲ. ಹೆಂಗಸರೆಲ್ಲರೂ ಮೇಲಿನ ದಿಬ್ಬದ ಉಫೆಲ್ಲಾ ಹಳ್ಳಿಯವರು, ಕುರಿ ಸಾಕುವವರು. ಕುರಿಗೆ ಉಪ್ಪು ಬೇಕು. ಹಿಂದೆ ಸಂತೆಗೆ ಕಲ್ಲುಪ್ಪಿನ ವ್ಯಾಪಾರಿ ಬರುತ್ತಿದ್ದ. ರಸ್ತೆಯ ಗುತ್ತಿಗೆದಾರ ಇಡೀ ಚಳಿಗಾಲದ ಉಪ್ಪನ್ನು ಒಟ್ಟಿಗೇ ಕೊಳ್ಳತೊಡಗಿದ ಮೇಲೆ ವ್ಯಾಪಾರಿ ಸಂತೆಯ ಮುಖ ನೋಡಲಿಲ್ಲ. ಈಗ ಟಾರು ಉಪ್ಪು ತಿನ್ನುತ್ತಿತ್ತು. ಕುರಿಗಳು ಒಂದರ ಬೆವರನ್ನು ಒಂದು ನೆಕ್ಕಿಕೊಂಡು, ಕೊಟ್ಟಿಗೆಯ ಗೋಡೆ ನೆಕ್ಕಿಕೊಂಡು ಬದುಕಿದ್ದವು.

ಬಡಾವಣೆ ನಿಂತಿದ್ದ ಜಾಗವೂ ಕುರಿಗಳದ್ದೇ. ಉಫೆಲ್ಲಾದ ಹುಲ್ಲುಗಾವಲಿನ ಕೆಳತುದಿ ಅದು. ಅಲ್ಲಿ ದೇವದಾರು ಮರಗಳ ಕೆಳಗೆ ಅಗಲವಾದ ಹಾಸುಗಲ್ಲುಗಳ ಸಾಲೊಂದಿತ್ತು. ಉಪ್ಪು ಕೊಡುವ ದಿನ ಕುರುಬರು ಆ ಕಲ್ಲುಗಳನ್ನು ಇನ್ನೊಂದು ಕಲ್ಲಿನಿಂದ ಬಡಿದು, ನಾಲಿಗೆಯನ್ನು ಅಂಗುಳಕ್ಕೆ ನಡುಗಿಸಿ ಕೂಗುತ್ತಿದ್ದರು. ಆಗ ಬೆಟ್ಟದ ಯಾವ ಮೂಲೆಯಲ್ಲಿದ್ದರೂ ಮಂದೆ ಓಡಿ ಬರುತ್ತಿತ್ತು. ತೂಡಾಳ ಅಪ್ಪ ಹಾಗೆ ಕೂಗುತ್ತಿದ್ದ. ಅವನಿಂದ ಅವಳು ಕಲಿತಿದ್ದಳು. ತಲೆಮಾರುಗಳ ಕಾಲ ನೆಕ್ಕಿಸಿಕೊಂಡು ಕಲ್ಲುಗಳು ನಡುವೆ ತಗ್ಗಾಗಿ, ನುಣುಪಾಗಿ, ತಟ್ಟೆಗಳಂತಾಗಿದ್ದವು. ಬಡಾವಣೆ ಕಟ್ಟಿದವರು ಹುಲ್ಲುಗಾವಲನ್ನು ಕಿತ್ತರು, ಕಲ್ಲುಗಳನ್ನು ಬಿಟ್ಟರು. ನೋಡಲು ಹಳೆಯದಾಗಿ ಚೆಂದ ಕಾಣುತ್ತವೆ ಎಂದು ಬಾಗಿಲಿನ ಬಳಿ, ರಸ್ತೆ ತಿರುಗುವಲ್ಲಿ, ಅಕ್ಕಪಕ್ಕ ದೀಪ ಹಚ್ಚಿ ಅಲಂಕಾರಕ್ಕಿಟ್ಟರು. ಬಂಗಲೆಯವರು ಆ ತಗ್ಗುಗಳಲ್ಲಿ ಸಿಗರೇಟು ಆರಿಸುತ್ತಿದ್ದರು.

ಇದೆಲ್ಲವನ್ನೂ ತೂಡಾ ನುಂಗಿಕೊಂಡಿದ್ದಳು. ಗಂಡ ದೂರದ ಅಗಾದಿರ್‌ನಲ್ಲಿ ಟೊಮೆಟೊ ತುಂಬುವ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಅವಳು, ಅತ್ತೆ ಯಾಮ್ನಾ ಮತ್ತು ಕುರಿಗಳು. ನುಂಗಲಾರದ್ದು ಯಾಮ್ನಾಳ ಸೊಂಟ.

ಉಫೆಲ್ಲಾಕ್ಕೆ ಹೋಗುವ ದಿಬ್ಬದ ದಾರಿ ಹಿಮ ಬಿದ್ದ ಮೇಲೆ ಗಾಜಿನಂತಾಗಿತ್ತು. ಹಗಲು ತುಸು ಕರಗಿ, ರಾತ್ರಿ ಹೆಪ್ಪುಗಟ್ಟಿ, ಪದರದ ಮೇಲೆ ಪದರ ಕೂತಿತ್ತು. ಯಾಮ್ನಾ ನೀರಿಗೆಂದು ಇಳಿದವಳು ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಂಬುಲೆನ್ಸ್ ದಿಬ್ಬದ ಬುಡಕ್ಕೆ ಬಂದು ನಿಂತಿತು. ಚಾಲಕ ಇಳಿದು ಬೂಟಿನ ತುದಿಯಿಂದ ಮಂಜುಗಡ್ಡೆಯನ್ನು ಒತ್ತಿ ನೋಡಿ ತಲೆಯಾಡಿಸಿದ. "ಗಾಡಿ ಹತ್ತಲ್ಲ. ರೋಗಿನ ಕೆಳಗೆ ತನ್ನಿ."

ಏಣಿಗೆ ಕಂಬಳಿ ಕಟ್ಟಿ, ಮುದುಕಿಯನ್ನು ಮಲಗಿಸಿ, ಗಂಡಸರು ಹೊತ್ತರು. ಮೊದಲ ತಿರುವಿನಲ್ಲೇ ಮುಂದಿನವನ ಕಾಲು ಜಾರಿತು. ಏಣಿ ಮುದುಕಿಯ ಸಮೇತ ಜಾರಿ ದೇವದಾರಿನ ಬುಡಕ್ಕೆ ಬಡಿದು ನಿಂತಿತು. ಎಲ್ಲರೂ ಓಡಿ ಬಂದಾಗ ಯಾಮ್ನಾ ಕಣ್ಣು ಬಿಟ್ಟಳು.

"ಸೊಂಟ ಮುರಿದಿದ್ದು ಸಾಕಾಗಿಲ್ಲ ಅಂತ ಏಣಿನೂ ತಂದ್ರಾ, ಹಾಳಾದೋರೇ? ಮನೆಗೆ ವಾಪಸ್ ಎಳೀರಿ. ಸಾಯೋದಾದ್ರೆ ಒಲೆ ಮುಂದೆ ಸಾಯ್ತೀನಿ."

ಒಲೆಯ ಮುಂದೆ ಮಲಗಿದವಳ ಕಾಲು ಊದಿಕೊಂಡಿತು, ಜ್ವರ ಏರಿತು. ಕಷ್ಟಪಟ್ಟು ಹತ್ತಿ ಬಂದ ಆರೋಗ್ಯ ಕೇಂದ್ರದ ದಾದಿ ಕಾಲನ್ನು ಮುಟ್ಟಿ ನೋಡಿ, ತೂಡಾಳನ್ನು ಹೊರಗೆ ಕರೆದು ಹೇಳಿದಳು: "ನಾಳೆಯೊಳಗೆ ಆಸ್ಪತ್ರೆ ಸೇರಿಸ್ಬೇಕಮ್ಮಾ. ಆಮೇಲೆ ಕಾಲಿನ ಮಾತೇ ಇರಲ್ಲ."

ಆ ನಾಳೆ ಇವತ್ತು. ಇವತ್ತೇ ಗವರ್ನರ್ ಸಾಹೇಬರು ಹಿಮಜಾರಾಟದ ಋತುವನ್ನು ಉದ್ಘಾಟಿಸಲು ಬರುವವರಿದ್ದರು.

ಬೆಳಗಿನಿಂದ ಉಪ್ಪೋ ಉಪ್ಪು. ಲಾರಿ ಸುರಿದಲ್ಲೇ ಮತ್ತೆ ಸುರಿಯಿತು. ರಸ್ತೆಯ ಮೇಲೆ ಹಿಮಕ್ಕಿಂತ ಉಪ್ಪೇ ಬೆಳ್ಳಗೆ ಕಾಣುತ್ತಿತ್ತು. ಬಾಗಿಲಿನ ಬಳಿ ಬಣ್ಣದ ಕಂಬಳಿ ಹಾಸಿದ್ದರು. ಆ ಭಾಗದ ಅಧಿಕಾರಿ ಕಾಯಿದ್ ಸಾಹೇಬ ಹೊಸ ಬೂಟು ತೊಟ್ಟು, ಮೂಗನ್ನು ಕರವಸ್ತ್ರದಲ್ಲಿ ಹಿಡಿದುಕೊಂಡು ನಿಂತಿದ್ದ. ಪಕ್ಕದಲ್ಲಿ ಆಂಬುಲೆನ್ಸ್ ಕೂಡ ನಿಂತಿತ್ತು, ಸಾಹೇಬರ ಸವಾರಿಗೆ ಇರಲೇಬೇಕಾದ್ದೆಂದು. ತೂಡಾ ಚಾಲಕನನ್ನು ಗುರುತಿಸಿದಳು. ಅವನೇ. ಅವಳು ಬಕೆಟ್ ಹಿಡಿದುಕೊಂಡೇ ಕಾಯಿದ್‌ನ ಮುಂದೆ ಹೋಗಿ ನಿಂತಳು.

"ಸಾಹೇಬ್ರೇ, ಒಂದು ಲಾರಿ ಉಪ್ಪು ನಮ್ಮ ದಾರಿಗೆ ಹಾಕ್ಸಿ. ನಮ್ಮತ್ತೆ ಸೊಂಟ ಮುರ್ಕೊಂಡು ಬಿದ್ದವ್ಳೆ. ಇವತ್ತು ಇಳಿಸದೇ ಇದ್ರೆ ಕಾಲು ಹೋಗುತ್ತೆ."

"ಯಾವ ದಾರಿ?"

"ಉಫೆಲ್ಲಾ ದಾರಿ. ಅಗೋ, ಅಲ್ಲಿ."

ಕಾಯಿದ್ ಅವಳ ಬೆರಳನ್ನು ನೋಡಿದ, ದಿಬ್ಬವನ್ನು ನೋಡಲಿಲ್ಲ. "ಅದು ದಾರಿಯಲ್ಲಮ್ಮಾ. ನಕ್ಷೆಯಲ್ಲೇ ಇಲ್ಲ. ಅದು ಕುರಿ ಓಡಾಡೋ ಜಾಡು. ಕುರಿ ಜಾಡಿಗೆಲ್ಲಾ ಸರ್ಕಾರ ಉಪ್ಪು ಹಾಕ್ತಾ ಕೂರೋಕಾಗುತ್ತಾ?"

"ನಮ್ಮತ್ತೆ ಕುರಿಯಲ್ಲ, ಸಾಹೇಬ್ರೇ."

"ಹೊತ್ಕೊಂಡು ರಸ್ತೆಗೆ ತನ್ನಿ. ರಸ್ತೆಗೆ ಬಂದ ಮೇಲೆ ಆಂಬುಲೆನ್ಸ್ ಇದ್ದೇ ಇದೆ."

ಅಷ್ಟರಲ್ಲಿ ಸಿ ತಾಹರ್ ಓಡಿ ಬಂದ. ತೂಡಾಳ ತೋಳಿಗೆ ಕೈಹಾಕಿ ಹಿಂದಕ್ಕೆ ಎಳೆದ. "ಕ್ಷಮಿಸಿ ಸಾಹೇಬ್ರೇ. ಇವ್ಳು ಕೇಳೋದು ಬಾಯಲ್ಲಿ, ಒಯ್ಯೋದು ಲಂಗದಲ್ಲಿ. ಏ, ಕೊಡವು. ಇಲ್ಲೇ ಕೊಡವು. ಸಾಹೇಬ್ರು ನೋಡ್ಲಿ."

ಬಂಗಲೆಯ ಒಡತಿ ಬೂಟು ತೊಟ್ಟ ನಾಯಿಯ ಜೊತೆ ನಿಂತಿದ್ದಳು. ಪೊಲೀಸರು ನಿಂತಿದ್ದರು. ಬ್ಯಾಂಡಿನವರು ತುತ್ತೂರಿಗಳನ್ನು ತೊಡೆಗೆ ಒರೆಸುತ್ತಾ ನಿಂತಿದ್ದರು. ತೂಡಾ ಬಕೆಟ್ ಕೆಳಗಿಟ್ಟಳು. ಎರಡು ಕೈಯಿಂದ ಲಂಗ ಹಿಡಿದಳು. ಕೊಡವಿದಳು. ಅಂಚಿನ ಹೊಲಿಗೆಯಿಂದ ನಾಲ್ಕಾರು ಕಾಳು ಉದುರಿದವು.

"ನೋಡಿದ್ರಾ?" ಎಂದ ಸಿ ತಾಹರ್.

ಕಾಯಿದ್ ನಕ್ಕ. ದೊಡ್ಡ ನಗುವಲ್ಲ, ಮೂಗಿನಲ್ಲಿ ಬರುವ ನಗು. "ಪಾಪ, ಅತ್ತೆಗೆ ಅಂತ ಕೂಡಿಡ್ತಾ ಇದ್ಳೇನೋ."

"ಆರಿಸ್ಕೋ," ಎಂದ ಸಿ ತಾಹರ್. "ಕಂಬಳಿ ಹತ್ರ ಬಿದ್ದಿದೆ. ಒಂದೊಂದೇ ಆರಿಸಿ ಬಕೆಟ್ಟಿಗೆ ಹಾಕು."

ತೂಡಾ ಬಗ್ಗಿದಳು. ಬಗ್ಗಿ ಬಕೆಟ್ಟನ್ನು ಎತ್ತಿಕೊಂಡಳು. ನಾಲ್ಕು ಹೆಜ್ಜೆ ನಡೆದು, ತುಂಬಿದ ಬಕೆಟ್ಟನ್ನು ಅಲಂಕಾರದ ಹಾಸುಗಲ್ಲಿನ ಮೇಲೆ ಬೋರಲು ಹಾಕಿದಳು.

"ಎತ್ತು ಅದನ್ನ."

"ಎತ್ತಲ್ಲ."

"ಏನಂದೆ?"

"ಎತ್ತಲ್ಲ ಅಂದೆ. ಹಾಕಲ್ಲ, ಗುಡಿಸಲ್ಲ, ಆರಿಸಲ್ಲ. ನಿಮ್ಮ ನಾಯಿಗಳಿಗೆ ಹೇಳಿ, ಬೂಟಿದೆಯಲ್ಲ, ಅವೇ ಹಾಕ್ಕೊಳ್ಳಲಿ."

ಅವಳು ಮೊದಲೇ ಯೋಚಿಸಿ ಮಾಡಿದಳೆಂದು ಆಮೇಲೆ ಜನ ಹೇಳಿಕೊಂಡರು. ಅವಳು ಏನನ್ನೂ ಯೋಚಿಸಿರಲಿಲ್ಲ. ಕಲ್ಲಿಗೆ ಒರಗಿಸಿಟ್ಟಿದ್ದ ಸಲಿಕೆ ಕೈಗೆ ಸಿಕ್ಕಿತು. ಸಿ ತಾಹರ್‌ನ ತಲೆಗೆ ಬಡಿಯಬೇಕಾದದ್ದನ್ನು ಕಲ್ಲಿಗೆ ಬಡಿದಳು. ಖಣ್ ಎಂದು ಶಬ್ದವಾಯಿತು. ಮತ್ತೆ ಬಡಿದಳು. ಆ ಶಬ್ದ ಹಳೆಯದು. ದಿಬ್ಬದ ಬಿಸಿಲು ಬೀಳುವ ಮಗ್ಗುಲಲ್ಲಿ ಹಿಮ ಕೆದಕಿ ಮೇಯುತ್ತಿದ್ದ ಮಂದೆಯಲ್ಲಿ ಒಂದು ಮುದಿ ಕುರಿ ತಲೆಯೆತ್ತಿತು. ತೂಡಾ ಅದನ್ನು ಕಂಡಳು. ಕಂಡ ಮೇಲೆ ಯೋಚಿಸಿದಳು. ಅದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮುಸುಕನ್ನು ಕೆಳಕ್ಕೆಳೆದು, ನಾಲಿಗೆಯನ್ನು ಅಂಗುಳಕ್ಕೆ ನಡುಗಿಸಿ, ಅಪ್ಪ ಕೂಗುತ್ತಿದ್ದಂತೆ ಕೂಗಿದಳು.

"ತ್ರ್ರ್ರ್ರ್ ಹಾ... ತ್ರ್ರ್ರ್ರ್ ಹಾ..."

ಕುರಿಗಳು ಬಂದವು.

ಅವು ದಾರಿ ಹಿಡಿದು ಬರಲಿಲ್ಲ. ಇಡೀ ದಿಬ್ಬವೇ ಕಳಚಿಕೊಂಡು ಬಂದಂತೆ ಬಂದವು. ಮುಂದಿನವು ಜಾರಿ ಕುಂಡೆಯ ಮೇಲೆ ಕೂತು ಇಳಿದವು, ಹಿಂದಿನವು ಅವುಗಳ ಮೇಲೆ ಹತ್ತಿ ಇಳಿದವು. ಮುದಿ ಕುರಿ ನೇರವಾಗಿ ಹಾಸುಗಲ್ಲಿಗೆ ಬಂದು, ಸಿಗರೇಟು ತುಂಡನ್ನು ಮೂತಿಯಿಂದ ಸರಿಸಿ, ತನ್ನ ಹಳೆಯ ತಟ್ಟೆಗೆ ನಾಲಿಗೆ ಹಾಕಿತು. ಕಲ್ಲು ಎಲ್ಲರಿಗೂ ಸಾಲಲಿಲ್ಲ. ಉಳಿದವು ತಲೆತಗ್ಗಿಸಿ ರಸ್ತೆಯನ್ನೇ ನೆಕ್ಕತೊಡಗಿದವು. ಈ ಅಂಚಿನಿಂದ ಆ ಅಂಚಿನವರೆಗೆ ರಸ್ತೆ ಉಣ್ಣೆಯಾಯಿತು. ಲಾರಿಯ ಗಾಲಿ ನೆಕ್ಕಿದವು, ಪೊಲೀಸರ ಬೂಟು ನೆಕ್ಕಿದವು, ಕಂಬಳಿಯನ್ನು ನೆಕ್ಕಿ ಅದರ ಮೇಲೆ ಹಿಕ್ಕೆ ಉದುರಿಸಿದವು. ಬಿಳಿ ನಾಯಿ ಬೊಗಳಲು ಬಾಯಿ ತೆರೆಯಿತು. ಕುರಿಯೊಂದು ಅದರ ಕೆಂಪು ಬೂಟನ್ನು ಶಾಂತವಾಗಿ ನೆಕ್ಕಿತು. ನಾಯಿ ಬಾಯಿ ಮುಚ್ಚಿತು.

ರಬ್ಹಾ ತನ್ನ ಬಕೆಟ್ಟನ್ನು ಬೋರಲು ಹಾಕಿದಳು. ಅವಳ ಹಿಂದೆ ಮತ್ತೊಬ್ಬಳು. ಬಕೆಟ್ಟುಗಳು ಒಂದೊಂದಾಗಿ ನೆಲಕ್ಕೆ ಬಡಿದವು.

ಕೆಳಗಿನ ತಿರುವಿನಲ್ಲಿ ಸೈರನ್ ಕೂಗಿತು. ಗವರ್ನರ್ ಸಾಹೇಬರ ಕಾರುಗಳು ಬಂದು ಕುರಿಗಳ ಬಾಲಕ್ಕೆ ಮೂಗು ತಾಗಿಸಿ ನಿಂತವು. ಸೈರನ್ನಿಗೆ ಗೌರವ ಕೊಡುವುದನ್ನು ಕುರಿಗಳಿಗೆ ಯಾರೂ ಕಲಿಸಿರಲಿಲ್ಲ.

"ಓಡ್ಸ್ರೋ ಅವನ್ನ," ಎಂದ ಕಾಯಿದ್. ಅವನ ದನಿ ತೆಳ್ಳಗಾಗಿತ್ತು.

ಪೊಲೀಸರು ಲಾಠಿ ಬೀಸಿದರು. ಉಣ್ಣೆಯಿಂದ ಧೂಳು ಎದ್ದಿತು. ಪೆಟ್ಟು ತಿಂದ ಕುರಿ ಒಂದು ಹೆಜ್ಜೆ ಸರಿದು, ಅಲ್ಲಿದ್ದ ಉಪ್ಪನ್ನು ನೆಕ್ಕಿತು.

ಉಪ್ಪಿನ ಲಾರಿಯ ಚಾಲಕ ಲಹ್ಸೆನ್ ಕಿಟಕಿಯಿಂದ ಮೊಣಕೈ ಹೊರಗೆ ಹಾಕಿ ಸೂರ್ಯಕಾಂತಿ ಬೀಜ ಸುಲಿಯುತ್ತಾ ಕೂತಿದ್ದ. ಅವನೂ ಉಫೆಲ್ಲಾದವನೇ. "ಸಾಹೇಬ್ರೇ, ಸುಮ್ನೆ ಕೈ ನೋಯಿಸ್ಕೋಬೇಡಿ ಅನ್ನಿ ಅವ್ರಿಗೆ. ಉಪ್ಪು ಬಾಯಿಗೆ ಬಿದ್ದ ಕುರಿಗೆ ಲಾಠಿ ಅಂದ್ರೆ ಬೆನ್ನು ಕೆರೆದ ಹಾಗೆ."

"ಮತ್ತೇನಯ್ಯಾ ಮಾಡೋದು?"

"ಮುಂದೆ ಹೊಸ ಉಪ್ಪು ಬಿದ್ರೆ ಹಿಂದಿಂದು ಬಿಡ್ತಾವೆ. ಲಾರಿ ಎಲ್ಲಿ ಚೆಲ್ಲುತ್ತೋ ಅಲ್ಲಿಗೆ ಬರ್ತಾವೆ."

"ಹಾಗಾದ್ರೆ ಎಲ್ಲಿಗಾದ್ರೂ ತೊಲಗ್ಸು."

"ಎಲ್ಲಿಗೆ ಅಂತ ತಾವೇ ಹೇಳ್ಬೇಕು." ಲಹ್ಸೆನ್ ಸಿಪ್ಪೆ ಉಗಿದ. "ಕೆಳಗಡೆ ಗವರ್ನರ್ ಸಾಹೇಬ್ರ ಕಾರು. ಒಳಗಡೆ ಬಂಗಲೆಗಳು. ಇನ್ನು ಮಿಕ್ಕಿದ್ದು ಒಂದು ಕುರಿ ಜಾಡು. ಅದು ನಕ್ಷೆಯಲ್ಲಿಲ್ವಂತೆ."

ಕಾಯಿದ್ ತೂಡಾಳ ಕಡೆ ನೋಡಿದ. ತೂಡಾ ಕುರಿಗಳ ಕಡೆ ನೋಡುತ್ತಿದ್ದಳು. ಸೈರನ್ ಮತ್ತೊಮ್ಮೆ ಕೂಗಿತು. ಈ ಸಲ ಅದರಲ್ಲಿ ಸಿಟ್ಟಿತ್ತು.

"ಹಾಕು ಅಲ್ಲಿಗೇ," ಎಂದ ಕಾಯಿದ್. "ಬೇಗ."

ಲಹ್ಸೆನ್ ದಿಬ್ಬವನ್ನು ಹಿಮ್ಮುಖವಾಗಿ ಹತ್ತಿದ. ಮಂಜುಗಟ್ಟಿದ ಏರನ್ನು ಉಪ್ಪಿನ ಲಾರಿ ಹತ್ತಬೇಕಾದದ್ದೇ ಹಾಗೆ: ಉಪ್ಪು ಹಿಂಬದಿಯಿಂದ ಬೀಳುತ್ತದೆ, ಹಿಂದಕ್ಕೆ ಹೋದರೆ ಗಾಲಿಗಳು ಆಗಷ್ಟೇ ಉಪ್ಪು ಬಿದ್ದ ನೆಲವನ್ನು ಹಿಡಿಯುತ್ತವೆ. ಸರಪಳಿ ಸುತ್ತಿದ ಗಾಲಿಗಳು ಕಿರುಗುಟ್ಟಿದವು. ಮುದಿ ಕುರಿ ಮೂಗೆತ್ತಿ ಗಾಳಿ ಮೂಸಿ, ಕಲ್ಲನ್ನು ಬಿಟ್ಟು ಲಾರಿಯ ಮೂತಿಯನ್ನು ಹಿಂಬಾಲಿಸಿತು. ಮಂದೆ ಅದನ್ನು ಹಿಂಬಾಲಿಸಿತು. ನೆಕ್ಕಿದ್ದಕ್ಕಿಂತ ಅವು ತುಳಿದದ್ದೇ ಹೆಚ್ಚು. ಉಪ್ಪು ಮೆತ್ತಗಾಗಿಸಿದ ಮಂಜುಗಡ್ಡೆಯನ್ನು ಗೊರಸುಗಳು ಕುಟ್ಟಿ ಪುಡಿ ಮಾಡಿದವು. ಗಾಜಿನಂತಿದ್ದ ದಾರಿ ಬೂದು ಬಣ್ಣದ ರಾಡಿಯಾಯಿತು. ರಾಡಿಯಲ್ಲಿ ಕಾಲು ನಿಲ್ಲುತ್ತದೆ.

ಲಾರಿ ಹೋಗಲಾರದಷ್ಟು ಕಿರಿದಾದ ಕೊನೆಯ ತುಂಡಿಗೆ ಹೆಂಗಸರು ಕೈಯಿಂದ ಹಾಕಿದರು. ಬಕೆಟ್ಟುಗಳು ಕೆಳಗೇ ಇದ್ದವು. ಲಾರಿಯ ಬೆನ್ನಿನಿಂದ ಲಂಗಕ್ಕೇ ತುಂಬಿಕೊಂಡು ಹಾಕಿದರು. ಬೆಳಗಿನಿಂದ ಎರಚಿದ್ದೂ ಅದೇ ಉಪ್ಪು, ಬಿರುಕು ಬಿಟ್ಟದ್ದೂ ಅದೇ ಕೈ. ರಬ್ಹಾ ಹಾಡು ಗುನುಗುತ್ತಿದ್ದಳು.

ತೂಡಾ ಮೊದಲ ಲಂಗದಷ್ಟನ್ನು ಎರಚಿ, ಇನ್ನೊಂದಿಷ್ಟನ್ನು ಸೊಂಟಕ್ಕೆ ಕಟ್ಟಿಕೊಂಡು ಕೆಳಗೆ ಓಡಿದಳು. ಆಂಬುಲೆನ್ಸಿನ ಕಿಟಕಿಯನ್ನು ತಟ್ಟಿದಳು.

"ದಾರಿ ಆಯ್ತು. ಬಾರಪ್ಪಾ."

ಚಾಲಕ ಕಾಯಿದ್‌ನ ಮುಖ ನೋಡಿದ. ಕಾಯಿದ್ ಕಂಬಳಿಯಿಂದ ಹಿಕ್ಕೆ ಗುಡಿಸುವವರ ಮೇಲ್ವಿಚಾರಣೆಯಲ್ಲಿದ್ದ. "ಆಗಲ್ಲ," ಎಂದ ಕಾಯಿದ್. "ಅದು ಗವರ್ನರ್ ಸಾಹೇಬ್ರಿಗೆ ಅಂತ ಇರೋ ಗಾಡಿ."

"ಯಾಕೆ, ಅವ್ರ ಸೊಂಟನೂ ಮುರಿದಿದ್ಯಾ?"

"ನಾಲಿಗೆ ಬಿಗಿ ಹಿಡಿ."

ತೂಡಾ ಹಾಸುಗಲ್ಲಿನ ಬಳಿ ಹೋದಳು. ಸಲಿಕೆಯನ್ನು ಎತ್ತಿಕೊಂಡಳು. ತಲೆಯ ಮೇಲಕ್ಕೆ ಎತ್ತಿ, ಹಾಗೇ ಹಿಡಿದು, ಕಾಯಿದ್‌ನ ಕಡೆ ತಿರುಗಿದಳು.

"ಇನ್ನೊಂದ್ಸಲ ಬಡೀಲಾ, ಸಾಹೇಬ್ರೇ?"

ಗವರ್ನರ್ ಸಾಹೇಬರ ಕಾರಿನ ಬಾಗಿಲು ಆಗತಾನೇ ತೆರೆದುಕೊಳ್ಳುತ್ತಿತ್ತು. ಮೊದಲು ಒಂದು ಹೊಳೆಯುವ ಬೂಟು ಹೊರಗೆ ಬಂತು. ಬ್ಯಾಂಡಿನವರು ತುತ್ತೂರಿಗಳನ್ನು ತುಟಿಗಿಟ್ಟರು. ಕಾಯಿದ್ ಆ ಬೂಟನ್ನು ನೋಡಿದ, ಸಲಿಕೆಯನ್ನು ನೋಡಿದ, ದಿಬ್ಬದ ಮೇಲಿನ ಮಂದೆಯನ್ನು ನೋಡಿದ. ಇವತ್ತು ಮೊದಲ ಬಾರಿಗೆ ಅವನು ಆ ದಿಬ್ಬವನ್ನು ನೋಡಿದ್ದು.

"ಹೋಗು," ಎಂದ ಚಾಲಕನಿಗೆ, ತುಟಿ ಅಲುಗಿಸದೆ.

ಅಂಚಿಗೆ ಒತ್ತಿ ನಿಂತಿದ್ದ ಲಾರಿಯನ್ನು ಬಳಸಿಕೊಂಡು ಆಂಬುಲೆನ್ಸ್ ಹತ್ತಿತು. ಕುರಿಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಅವುಗಳ ಹೊಟ್ಟೆ ತುಂಬಿತ್ತು, ಈಗ ಹಿಮ ತಿಂದು ಬಾಯಾರಿಕೆ ತೀರಿಸಿಕೊಳ್ಳುತ್ತಿದ್ದವು. ಯಾಮ್ನಾಳನ್ನು ಹೊರಗೆ ತಂದಾಗ ಅವಳ ಮುಖ ಜ್ವರದಿಂದ ಕೆಂಪಾಗಿತ್ತು.

"ಕೂಗಿದ್ದು ನೀನೇನೇ?" ಎಂದಳು ಸೊಸೆಗೆ. "ನಿಮ್ಮಪ್ಪನ ಹಾಗೇ ಕೂಗ್ತೀಯ. ಕೆಟ್ಟದಾಗಿ. ನಾನೇ ಎದ್ದು ಓಡಿ ಬರ್ತಿದ್ದೆ, ಕಾಲಿದ್ದಿದ್ರೆ."

ಇಳಿಯುವಾಗ ಬಡಾವಣೆಯ ಬಾಗಿಲಲ್ಲಿ ಸಿ ತಾಹರ್ ಅಡ್ಡ ನಿಂತು ಗಾಡಿಯನ್ನು ತಡೆದ. ಹಿಂಬದಿಯ ಬಾಗಿಲು ತೆಗೆದ. ಭಾಷಣದ ಸದ್ದು ಒಳಗೆ ನುಗ್ಗಿತು. ಗವರ್ನರ್ ಸಾಹೇಬರು ಬೆಟ್ಟದ ಜನರ ಅತಿಥಿ ಸತ್ಕಾರವನ್ನು ಹೊಗಳುತ್ತಿದ್ದರು.

"ನಾಳೆಯಿಂದ ಬರ್ಬೇಡ," ಎಂದ ಸಿ ತಾಹರ್. "ನೀನೂ ಬರ್ಬೇಡ, ಆ ರಬ್ಹಾನೂ ಬರ್ಬಾರ್ದು. ಈಗ ಕೆಳಗಿಳಿ. ಲಂಗ ಕೊಡವಿ ಹೋಗು."

ತೂಡಾಳ ಕೆಲಸ ಹೋಯಿತು. ಚಳಿಗಾಲ ಇನ್ನೂ ಅರ್ಧ ಉಳಿದಿತ್ತು. ಮುಂದಿನ ಹಿಮಕ್ಕೆ ದಿಬ್ಬ ಮತ್ತೆ ಗಾಜಾಗುತ್ತದೆ; ಗಂಡನಿಗೆ ಹೇಳಬೇಕು; ಆಸ್ಪತ್ರೆಯಲ್ಲಿ ಏನು ಕೇಳುತ್ತಾರೋ ಗೊತ್ತಿಲ್ಲ. ಅವಳ ಕೈಗಳು ಅಭ್ಯಾಸಬಲದಿಂದ ಲಂಗದ ಅಂಚಿಗೆ ಹೋದವು. ಅಂಚನ್ನು ಹಿಡಿದವು. ಹಿಡಿದುಕೊಂಡು ಗಂಟನ್ನು ಇನ್ನೂ ಬಿಗಿಯಾಗಿ ಕಟ್ಟಿದವು.

"ಕೊಡವಲ್ಲ," ಎಂದಳು. "ಉಪ್ಪು ಬೇಕಿದ್ರೆ ಕುರಿಗಳ ಜೊತೆ ನಿಂತ್ಕೊಳ್ಳಿ, ಸಿ ತಾಹರ್. ರಸ್ತೆ ಮೇಲೆ ಇನ್ನೂ ಉಳಿದಿದೆ."

ಬಾಗಿಲನ್ನು ಅವಳೇ ಒಳಗಿನಿಂದ ಎಳೆದು ಹಾಕಿದಳು.

ಹಿಂಬದಿಯ ಗಾಜಿನಲ್ಲಿ ದಿಬ್ಬ ಕಾಣಿಸಿತು. ಹೆಂಗಸರು ಮನೆಯ ಕಡೆ ಹತ್ತುತ್ತಿದ್ದರು. ಒಬ್ಬೊಬ್ಬಳ ಲಂಗವೂ ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ಒಬ್ಬಳೂ ಬಾಗಿಲ ಕಡೆಗೆ ತಿರುಗಿ ನೋಡಲಿಲ್ಲ.

ಗಾಡಿ ತಿರುವಿನಲ್ಲಿ ವಾಲಿತು. ಯಾಮ್ನಾ ನರಳಿದಳು. ತೂಡಾ ಅವಳ ಮೇಲೆ ಬಾಗಿ ಹಿಡಿದುಕೊಂಡಳು.

"ಏನೇ ಅದು, ನನ್ನ ಪಕ್ಕೆಗೆ ಚುಚ್ಚೋದು?"

"ಉಪ್ಪು, ಅತ್ತೆ."

ಮುದುಕಿ ಗಂಟನ್ನು ತಡವಿ ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡೇ ಹೇಳಿದಳು:

"ಇಟ್ಕೋ. ಆಸ್ಪತ್ರೆ ಸಾರು ಸಪ್ಪೆ ಇರುತ್ತಂತೆ."